ಹೇಳಿ ಮುಗಿಸುವವರೆಗೆ

ಕಲ್ಯಾಣದ ಮೈದಾನದಲ್ಲಿ ಅಶ್ಮಿತಾ ರನ್‌ಔಟ್ ಆದದ್ದು ತನ್ನ ಕರೆಯಿಂದಲ್ಲ, ತನ್ನ ದನಿಯನ್ನು ಅಣಕಿಸಿ ಬೇರೊಬ್ಬಳು ಕೂಗಿದ ಕರೆಯಿಂದ. ಇದನ್ನು ಆ ಭಾನುವಾರ ಅವಳು ಎಷ್ಟು ಜನರಿಗೆ ಹೇಳಲು ಹೋದಳೋ ಅಷ್ಟೂ ಜನ ವಾಕ್ಯ ಅರ್ಧಕ್ಕೆ ಬರುವ ಮೊದಲೇ ಅದನ್ನು ತಾವೇ ಮುಗಿಸಿಕೊಟ್ಟರು. ಅದೂ ತಪ್ಪಾಗಿ.

ಅಶ್ಮಿತಾಳಿಗೆ ಇಪ್ಪತ್ತಾರು ವರ್ಷ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಮೋಹನದಾಸ ಕಾಪು ಕಡೆಯವರು, ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮ್ಯಾನೇಜರ್. ಅಶ್ಮಿತಾ ವಾಗ್ಳೆ ಎಸ್ಟೇಟಿನಲ್ಲಿ ಔಷಧಿಯ ರಟ್ಟಿನ ಡಬ್ಬಿಗಳನ್ನು ಮುದ್ರಿಸುವ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಳು. ವಾರದ ಕೊನೆಗೆ ಠಾಣೆಯ ಒಂದು ಮಹಿಳಾ ತಂಡದ ಓಪನಿಂಗ್ ಬ್ಯಾಟರ್. ಐದನೆಯ ವಯಸ್ಸಿನಿಂದ ಅವಳಿಗೆ ಉಗ್ಗು ಇತ್ತು. ಠಾಣೆಯ ಒಬ್ಬ ಥೆರಪಿಸ್ಟ್ ಹತ್ತಿರ ಮೂರು ವರ್ಷ ಹೋಗಿ ಅದು ಸ್ವಲ್ಪ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಈಗ ಹೆಚ್ಚು ನಾಚಿಕೆಯೇನೂ ಇರಲಿಲ್ಲ. ಅವಳ ತಾಳ್ಮೆ ಕೆಡಿಸುತ್ತಿದ್ದುದು ಕೇಳುವವರ ಅವಸರ. ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡ ಕೂಡಲೇ ಎದುರಿನವರ ಮುಖದಲ್ಲಿ ಒಂದು ದಯೆ ಮೂಡುತ್ತಿತ್ತು, ಹಿಂದೆಯೇ ಅವರ ಬಾಯಿಂದ ಒಂದು ಶಬ್ದ ಬಂದು ಅವಳ ವಾಕ್ಯದೊಳಗೆ ಕೂರುತ್ತಿತ್ತು.

ಕ್ರಿಕೆಟಿನಲ್ಲಿ ಇದಕ್ಕೆ ಅವಳು ದಾರಿ ಕಂಡುಕೊಂಡಿದ್ದಳು. ರನ್ನಿಗೆ ಓಡುವಾಗ ಎಲ್ಲರೂ ಕೂಗುವ ‘ಯೆಸ್’ ಅವಳ ಬಾಯಿಂದ ಹೊರಡುವಷ್ಟರಲ್ಲಿ ಚೆಂಡು ಫೀಲ್ಡರ್ ಕೈ ಸೇರಿರುತ್ತಿತ್ತು. ಆದ್ದರಿಂದ ಬರಿಯ ಉಸಿರಿನಂಥ ‘ಹಾ’ ಎಂಬ ಸದ್ದನ್ನು ಇಟ್ಟುಕೊಂಡಿದ್ದಳು. ಅದು ಎಂದೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಓಡಬೇಡ ಎನ್ನಲು ಅಂಗೈ ಎತ್ತುತ್ತಿದ್ದಳು. ಜೊತೆಗೆ ಆಡಲು ಇಳಿಯುತ್ತಿದ್ದ ಸಂಯುಕ್ತಾ, ತಂಡದ ಕ್ಯಾಪ್ಟನ್, ಇದಕ್ಕೆ ಎಷ್ಟು ಒಗ್ಗಿದ್ದಳೆಂದರೆ ನಾಲ್ಕು ವರ್ಷಗಳಲ್ಲಿ ಅವರಿಬ್ಬರ ನಡುವೆ ಒಂದೇ ಒಂದು ರನ್‌ಔಟ್ ಆಗಿರಲಿಲ್ಲ. ಸಂಯುಕ್ತಾ ಮೈಸೂರಿನವಳು, ಐರೋಲಿಯ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ಕೆಲಸ, ಘೋಡಬಂದರ್ ರಸ್ತೆಯಲ್ಲಿ ಫ್ಲಾಟು. ಅವಳ ನಾಲಿಗೆಗೆ ತಡೆ ಎನ್ನುವುದೇ ಇರಲಿಲ್ಲ.

ಕಲ್ಯಾಣ ತಂಡದ ವಿಕೆಟ್‌ಕೀಪರ್ ತೃಷಾಗೆ ಈ ‘ಹಾ’ ಗೊತ್ತಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಇಬ್ಬರೂ ಡೊಂಬಿವಲಿಯ ಒಂದೇ ಬೇಸಿಗೆ ಶಿಬಿರದಲ್ಲಿ ಕಲಿತವರು. ಇಬ್ಬರ ಮನೆಯಲ್ಲೂ ತುಳು. ಇಬ್ಬರ ಅಮ್ಮಂದಿರೂ ತುಳುವರ ಸಂಘದ ಭಜನೆಯಲ್ಲಿ ಅಕ್ಕಪಕ್ಕ ಕೂರುವವರು. ತೃಷಾ ಸ್ಟಂಪಿನ ಹಿಂದೆ ನಿಂತಳೆಂದರೆ ಬಾಯಿ ಮುಚ್ಚುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ದಪ್ಪಗಿದ್ದವಳಿಗೆ ತೂಕ, ಹೊಸಬಳಿಗೆ ಹೆದರಿಕೆ, ಹೀಗೆ ಒಬ್ಬೊಬ್ಬರಿಗೂ ಒಂದೊಂದನ್ನು ಹುಡುಕಿ ಇಟ್ಟುಕೊಂಡಿರುತ್ತಿದ್ದಳು. ಅಶ್ಮಿತಾಳಿಗೆ ಹುಡುಕುವ ಶ್ರಮವೂ ಇರಲಿಲ್ಲ.

ಆ ಭಾನುವಾರ ಎರಡನೆಯ ಓವರಿನಿಂದಲೇ ಶುರುವಾಯಿತು, ಅದೂ ತುಳುವಿನಲ್ಲಿ. ಅಂಪೈರ್ ಮರಾಠಿಯವರು, ಅವರಿಗೆ ತಿಳಿಯುವಂತಿರಲಿಲ್ಲ.

“ದಾನೆ, ಬಾಯಿಡ್ ಇಡ್ಲಿ ಉಂಡಾ?”

ಬಾಯಲ್ಲಿ ಇಡ್ಲಿ ಇದೆಯಾ ಎಂದು. ಶಿಬಿರದಲ್ಲಿ ಮಕ್ಕಳು ಹೋಟೆಲಿನವರ ಮಗಳನ್ನು ಹೀಗೇ ಕೇಳುತ್ತಿದ್ದರು. ತೃಷಾ ಅದನ್ನು ನೇರವಾಗಿ ಕೇಳದೆ, ‘ಇಡ್ಲಿ’ಯ ಮೊದಲ ಅಕ್ಷರವನ್ನು ಐದಾರು ಬಾರಿ ಎಳೆದು, ಗಂಟಲು ಕಟ್ಟಿದಂತೆ ಮಾಡಿ, ಬೌಲರ್ ಓಡಿ ಬರುವ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದಳು. ಅಶ್ಮಿತಾ ಕೇಳಿಸದವಳಂತೆ ಆಡಿದಳು. ಅವಳದು ಮೂವತ್ತೊಂದು ರನ್ ಆಗಿತ್ತು. ಹದಿನಾರನೆಯ ಓವರಿನಲ್ಲಿ ಚೆಂಡನ್ನು ಪಾಯಿಂಟ್ ಕಡೆಗೆ ತಳ್ಳಿ, ರನ್ ಇಲ್ಲವೆಂದು ಅಂಗೈ ಎತ್ತಿದಳು. ಅದೇ ಕ್ಷಣ ಅವಳ ಬೆನ್ನ ಹಿಂದಿನಿಂದ ‘ಹಾ’ ಎಂಬ ಸದ್ದು ಬಂತು. ಆ ತುದಿಯಲ್ಲಿದ್ದ ಸಂಯುಕ್ತಾಳ ಕಣ್ಣು ಚೆಂಡಿನ ಮೇಲಿತ್ತು. ಕರೆ ಕೇಳಿತು, ಓಡಿದಳು. ಅವಳು ಅರ್ಧ ದಾರಿ ದಾಟಿ ಬಂದಿದ್ದನ್ನು ಕಂಡು ಅಶ್ಮಿತಾ ಆ ತುದಿಗೆ ಓಡಿದಳು, ತಲುಪಲಿಲ್ಲ.

ಅಂಪೈರ್ ಹತ್ತಿರ ಹೋಗಿ ನಿಂತರೆ ಮೊದಲ ಶಬ್ದವೇ ಹೊರಡಲಿಲ್ಲ. ಅವರು ಅವಳ ಭುಜ ತಟ್ಟಿ, ಜೊತೆಗಾರ್ತಿಯ ತಪ್ಪಿಗೆ ನೀವು ಬಲಿಯಾದಿರಿ, ಆಟದಲ್ಲಿ ಆಗುತ್ತದೆ ಎಂದರು. ಕೋಚ್ ಸೂರಜ್ ಸರ್, ತಲೆತಿರುಗಿತಾ ಎಂದು ಕೇಳಿ ಗ್ಲುಕೋಸ್ ಕೊಟ್ಟರು.

ಅವಳು ತಂಡದ ಗ್ರೂಪಿನಲ್ಲಿ ಬರೆದು ಹಾಕಿದ ಮೇಲೆ, ಅದು ಹೇಗಾಯಿತೆಂದು ಸಂಜೆಯ ಹೊತ್ತಿಗೆ ಎಲ್ಲರಿಗೂ ತಿಳಿಯಿತು. ಆಮೇಲೆ ಸಲಹೆಗಳು ಬರತೊಡಗಿದವು. ಉತ್ತರವನ್ನು ಬಾಯಿಂದ ಕೊಡಬಾರದು, ಬ್ಯಾಟಿನಿಂದ ಕೊಡಬೇಕು ಎಂದರು ಸೂರಜ್ ಸರ್. ಈ ಮಾತನ್ನು ಅವಳು ಅವರಿಂದಲೇ ಹತ್ತಾರು ಬಾರಿ ಕೇಳಿದ್ದಳು, ರನ್‌ಔಟ್ ಆದವಳ ಕೈಯಲ್ಲಿ ಬ್ಯಾಟು ಎಲ್ಲಿರುತ್ತದೆ ಎಂದು ಕೇಳಬೇಕೆನಿಸಿತು. ಆಫೀಸಿನ ಸಮಿತ್ ಪ್ರಾಣಾಯಾಮದ ವೀಡಿಯೊ ಕಳಿಸಿದ. ಅಪ್ಪ, ಕೌಂಟರಿನಲ್ಲಿ ಕೂತರೆ ಗಿರಾಕಿಗಳು ಇದಕ್ಕಿಂತ ದೊಡ್ಡದು ಹೇಳಿ ಹೋಗುತ್ತಾರೆ, ಇಡ್ಲಿ ಎಂದರೆ ಅದೇನು ಬೈಗುಳವಾ ಎಂದರು. ಅಮ್ಮ ಜಯಲತಾ, ಶುಕ್ರವಾರ ಭಜನೆಯಲ್ಲಿ ತೃಷಾಳ ಅಮ್ಮ ಸಿಗುತ್ತಾರೆ, ನಾನು ಮೆಲ್ಲಗೆ ಒಂದು ಮಾತು ಹೇಳಿ ನೋಡುತ್ತೇನೆ ಎಂದರು. ಹಾಗೆ ಮಾಡಿದರೆ ಮನೆ ಬಿಟ್ಟು ಹೋಗುತ್ತೇನೆ ಎಂದು ಅಶ್ಮಿತಾ ಒಂದು ಕಾಗದದಲ್ಲಿ ಬರೆದು ಅಮ್ಮನ ಮುಂದಿಟ್ಟಳು. ಸಿಟ್ಟು ಬಂದಾಗ ಅವಳು ಬರೆಯುವುದೇ ವಾಡಿಕೆ.

ಎಲ್ಲರಿಗಿಂತ ಮುಂದೆ ಹೋದವಳು ಸಂಯುಕ್ತಾ. ಅವಳು ಫೋನಿನಲ್ಲಿ ಹನ್ನೊಂದು ಉತ್ತರಗಳ ಪಟ್ಟಿ ಮಾಡಿ ಕಳಿಸಿದಳು. ತೃಷಾ ಹೀಗೆ ಹೇಳಿದರೆ ನೀನು ಹೀಗೆ ಹೇಳು, ಹಾಗೆ ಹೇಳಿದರೆ ಹಾಗೆ. ಕೊನೆಯ ಎರಡು ತೃಷಾಳ ಮದುವೆಯ ಬಗ್ಗೆ ಇದ್ದವು. ಹಿಂದಿನ ವರ್ಷ ತೃಷಾಳ ಮದುವೆಯಾಗಿ, ಎಂಟು ತಿಂಗಳಲ್ಲಿ ಅದು ಮುರಿದು, ಅವಳು ಕಲ್ಯಾಣಕ್ಕೆ ಅಮ್ಮನ ಮನೆಗೆ ವಾಪಸು ಬಂದಿದ್ದಳು. ಅಶ್ಮಿತಾ ಆ ಎರಡನ್ನು ಅಳಿಸಿ ಪಟ್ಟಿಯನ್ನು ವಾಪಸು ಕಳಿಸಿದಳು. ಏಕೆಂದು ಸಂಯುಕ್ತಾ ಕೇಳಿದಾಗ, ಉತ್ತಮಳೆನಿಸಿಕೊಳ್ಳುವ ಆಸೆಯಿಂದಲ್ಲ, ಅದು ಆಟದ ಮಾತಲ್ಲ, ಉಳಿದ ಒಂಬತ್ತೂ ನನ್ನಿಂದ ಹೇಳಲಾಗುವುದಿಲ್ಲ ಎಂದಳು. ಉತ್ತರ ಕೊಡು, ಉತ್ತರ ಕೊಡು ಎಂದು ಉಗ್ಗುವವಳಿಗೆ ಹೇಳಿದರೆ ಹೇಗೆ? ಆ ವಾಕ್ಯ ಅವಳ ಬಾಯಿಂದ ಪೂರ್ತಿ ಹೊರಬರುವಷ್ಟರಲ್ಲಿ ಓವರ್ ಮುಗಿದು ಕೀಪರ್ ಆ ತುದಿಗೆ ಹೋಗಿರುತ್ತಾಳೆ.

ಕೊನೆಗೆ ಸಂಯುಕ್ತಾ ಲೀಗಿಗೆ ದೂರು ಬರೆದಳು. ಹತ್ತು ದಿನಗಳ ನಂತರ ಠಾಣೆಯಲ್ಲಿ, ಒಂದು ಜಿಮ್‌ನ ಮೇಲಿನ ಕೋಣೆಯಲ್ಲಿ ವಿಚಾರಣೆ ಕರೆದರು. ಸಮಿತಿಯವರು ಮೂವರು, ಪಕ್ಕದಲ್ಲಿ ಅಂದಿನ ಅಂಪೈರ್. ಕೆಳಗಿನಿಂದ ಭಾರದ ತಟ್ಟೆಗಳು ನೆಲಕ್ಕೆ ಬೀಳುವ ಸದ್ದು ಬರುತ್ತಿತ್ತು. ಏನಂದಳು, ಅವಳ ಮಾತಿನಲ್ಲೇ ಹೇಳಿ ಎಂದು ಅಧ್ಯಕ್ಷರು ಮರಾಠಿಯಲ್ಲಿ ಕೇಳಿದರು. ಅಶ್ಮಿತಾ ಅದನ್ನು ಮೊದಲು ತುಳುವಿನಲ್ಲಿ ಹೇಳಿ, ನಂತರ ಮರಾಠಿಯಲ್ಲಿ ಹೇಳಿದಳು. ನಡುವೆ ಒಬ್ಬ ಸದಸ್ಯರು ಎರಡು ಬಾರಿ ಅವಳ ಶಬ್ದವನ್ನು ಮುಗಿಸಿಕೊಟ್ಟರು. ಮೊದಲು ಇಮಾರತ್ ಎಂದರು, ಆಮೇಲೆ ಇಸ್ತ್ರಿ ಎಂದರು.

ಅದು ಇಡ್ಲಿ ಎಂದು ತಿಳಿದಾಗ ಕೋಣೆಯಲ್ಲಿ ಎಲ್ಲರಿಗೂ ಸ್ವಲ್ಪ ಹಗುರವೆನಿಸಿದ್ದು ಕಾಣುತ್ತಿತ್ತು. ಸದಸ್ಯರೊಬ್ಬರು ತಾವು ಡೊಂಬಿವಲಿಗೆ ಹೋದಾಗಲೆಲ್ಲ ಅವಳ ಅಪ್ಪನ ಹೋಟೆಲಿನಲ್ಲೇ ತಿನ್ನುವುದು ಎಂದು ಹೇಳಿ ಚಟ್ನಿಯನ್ನು ಹೊಗಳಿದರು. ಮರಾಠಿಯಲ್ಲಿ ಹೇಳಿದಾಗ ಅದರಲ್ಲಿ ಏನೂ ಉಳಿದಿರಲಿಲ್ಲ. ಅದು ಅಶ್ಮಿತಾಳಿಗೂ ಗೊತ್ತಾಯಿತು. ನೋವಿದ್ದದ್ದು ಶಬ್ದದಲ್ಲಲ್ಲ, ಅದನ್ನು ಎಳೆದ ರೀತಿಯಲ್ಲಿ. ಅದನ್ನು ತೋರಿಸಬೇಕಾದರೆ ಆ ಮೇಜಿನ ಮುಂದೆ ನಿಂತು ಅವಳು ತನ್ನ ಉಗ್ಗನ್ನು ತಾನೇ ಅಣಕಿಸಬೇಕಿತ್ತು. ಅವಳಿಂದ ಆಗಲಿಲ್ಲ.

ತೃಷಾ ಸಭ್ಯಳಾಗಿ, ಕೈಕಟ್ಟಿ ಕೂತು, ನಾನು ನನ್ನ ಬೌಲರನ್ನು ಹುರಿದುಂಬಿಸುತ್ತಿದ್ದೆ ಅಷ್ಟೇ ಎಂದಳು. ‘ಹಾ’ ಎಂಬುದು ಎಲ್ಲರ ಬಾಯಿಂದಲೂ ಬರುವ ಸದ್ದು, ಅದು ಯಾರದೆಂದು ಹೇಗೆ ಹೇಳುವುದು ಎಂದರು ಅಂಪೈರ್. ಮೂರು ದಿನಗಳ ನಂತರ ಆದೇಶ ಬಂತು. ಎರಡೂ ತಂಡಗಳಿಗೆ ಒಂದೇ ಪತ್ರ: ಉಭಯ ತಂಡಗಳ ಆಟಗಾರ್ತಿಯರು ಮೈದಾನದಲ್ಲಿ ತಮ್ಮ ಮಾತಿನ ಮೇಲೆ ಹಿಡಿತ ಇಟ್ಟುಕೊಳ್ಳಬೇಕೆಂದು ಎಚ್ಚರಿಸಲಾಗಿದೆ.

ಉಭಯ ತಂಡಗಳು. ಮಾತಿನ ಮೇಲೆ ಹಿಡಿತ. ಅಶ್ಮಿತಾ ಇದನ್ನು ಠಾಣೆ ಸ್ಟೇಷನ್ನಿನಲ್ಲಿ ಓದಿ ನಕ್ಕುಬಿಟ್ಟಳು. ಲೋಕಲ್ ಹತ್ತಿ, ಮಹಿಳೆಯರ ಡಬ್ಬಿಯಲ್ಲಿ ಯಾರದೋ ಬ್ಯಾಗಿಗೂ ಯಾರದೋ ಮೊಣಕೈಗೂ ನಡುವೆ ನಿಂತಮೇಲೆ ಸಿಟ್ಟು ಬಂತು. ದಿವಾ ದಾಟುವವರೆಗೂ ತನ್ನನ್ನೇ ಬೈದುಕೊಂಡಳು. ಆಮೇಲೆ ಫೋನಿನಲ್ಲಿ ಕ್ರಿಕೆಟಿನ ನಿಯಮಗಳನ್ನು ಹುಡುಕಿ ಓದತೊಡಗಿದಳು. ಹದಿನಾಲ್ಕು ವರ್ಷ ಆಡಿದ್ದರೂ ಅವಳು ಅವನ್ನು ಓದಿರಲೇ ಇಲ್ಲ. ನಲವತ್ತೊಂದನೆಯ ನಿಯಮದಲ್ಲಿ ಒಂದು ಕಡೆ ಸ್ಪಷ್ಟವಾಗಿ ಬರೆದಿತ್ತು: ಚೆಂಡು ಆಡಿದ ಮೇಲೆ ಫೀಲ್ಡರ್ ಮಾತಿನಿಂದಾಗಲಿ ಕೃತ್ಯದಿಂದಾಗಲಿ ಬೇಕೆಂದೇ ಬ್ಯಾಟರನ್ನು ಮೋಸಗೊಳಿಸಿದರೆ ಅದು ಡೆಡ್‌ಬಾಲ್, ಔಟಿಲ್ಲ, ಬ್ಯಾಟಿಂಗ್ ತಂಡಕ್ಕೆ ಐದು ರನ್. ಆ ಕೋಣೆಯಲ್ಲಿ ನಾಲ್ಕು ಜನ ತಿಳಿದವರು ಕೂತಿದ್ದರು. ಒಬ್ಬರೂ ಇದನ್ನು ಎತ್ತಿರಲಿಲ್ಲ.

ಸೆಮಿಫೈನಲ್‌ನಲ್ಲಿ ಮತ್ತೆ ಕಲ್ಯಾಣ ತಂಡವೇ ಎದುರಾಯಿತು. ಪಂದ್ಯ ನವಿ ಮುಂಬೈಯಲ್ಲಿ, ನೆರೂಳಿನ ಹತ್ತಿರದ ಒಂದು ಮೈದಾನದಲ್ಲಿ. ಅಶ್ಮಿತಾ ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅಂಪೈರುಗಳ ಟೆಂಟಿನ ಹೊರಗೆ ಕಾದಳು. ಇಬ್ಬರಲ್ಲಿ ಹಿರಿಯರು ಮಾನಪ್ಪ, ಅರವತ್ತೆರಡು ವರ್ಷದವರು. ಲಿಂಗಸುಗೂರು ಕಡೆಯಿಂದ ಬಂದು ಕಲ್ಯಾಣದಲ್ಲಿ ರೈಲ್ವೆಯ ಕೆಲಸ ಮಾಡಿ ನಿವೃತ್ತರಾದವರು. ಅವಳು ಮರಾಠಿಯಲ್ಲಿ ಆರಂಭಿಸಿ ಸಿಕ್ಕಿಹಾಕಿಕೊಂಡಾಗ ಅವರು ಸ್ಕೋರ್‌ಶೀಟಿನಲ್ಲಿ ಅವಳ ಹೆಸರು ನೋಡಿ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಕನ್ನಡ ನಡೆಯುತ್ತದೆ ಎಂದು ತಿಳಿದು ಕುರ್ಚಿಯೊಂದನ್ನು ಅವಳ ಕಡೆ ಸರಿಸಿದರು.

“ನಿಧಾನ ಹೇಳ್ರಿ,” ಎಂದರು. “ಟಾಸಿಗೆ ಇನ್ನಾ ಇಪ್ಪತ್ತು ನಿಮಿಷ ಐತಿ.”

“ನನಗೆ ಉಗ್ಗು ಉಂಟು ಸರ್. ಓಡುವಾಗ ನಾನು ಹಾ ಅಂತ ಕರೆಯುವುದು. ಇವತ್ತು ವಿಕೆಟಿನ ಹಿಂದಿನಿಂದಲೂ ಆ ಸದ್ದು ಬರಬಹುದು. ಬಂದರೆ ಅದು ಯಾರದ್ದು ಅಂತ ನೀವು ಕೇಳಬೇಕು. ಅಷ್ಟೇ.”

ಇಷ್ಟು ಹೇಳಲು ಅವಳಿಗೆ ಎರಡು ನಿಮಿಷ ಹಿಡಿಯಿತು. ಮಾನಪ್ಪ ಅಷ್ಟು ಹೊತ್ತೂ ಅವಳ ಮುಖ ನೋಡುತ್ತ ಕೂತಿದ್ದರು. ತಲೆ ಆಡಿಸಲಿಲ್ಲ, ನಡುವೆ ಶಬ್ದ ಹಾಕಲಿಲ್ಲ. ಮುಗಿದ ಮೇಲೆ ಆ ಕರೆಯನ್ನು ಒಮ್ಮೆ ಕೂಗಿ ತೋರಿಸಲು ಹೇಳಿದರು. ಕೂಗಿದಳು. ಇನ್ನೊಮ್ಮೆ ಎಂದರು. ಆಮೇಲೆ, ಯಾರ ಬಗ್ಗೆಯೂ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಮೈದಾನಕ್ಕೆ ಇಳಿಯುವವನಲ್ಲ, ಕಿವಿಗೆ ಬಿದ್ದದ್ದಕ್ಕೆ ಮಾತ್ರ ತೀರ್ಪು ಕೊಡುತ್ತೇನೆ ಎಂದು ಹೇಳಿ ಕಳಿಸಿದರು.

ಟಾಸ್ ಗೆದ್ದು ಸಂಯುಕ್ತಾ ಬ್ಯಾಟಿಂಗ್ ತೆಗೆದುಕೊಂಡಳು. ಮೂರನೆಯ ಓವರಿನಲ್ಲೇ ಹಿಂದಿನಿಂದ ಇಡ್ಲಿ ಬಂತು. ಈ ಸಲ ಅಶ್ಮಿತಾ ಕೇಳಿಸದವಳಂತೆ ಇರಲಿಲ್ಲ. ಸ್ಟಂಪಿನಿಂದ ಪಕ್ಕಕ್ಕೆ ಸರಿದು, ಬೌಲರಿಗೆ ಕೈ ಅಡ್ಡ ಹಿಡಿದು, ಪೂರ್ತಿ ಹಿಂದೆ ತಿರುಗಿ ನಿಂತಳು. ನೀನು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು, ಹಿಂದಿಯಲ್ಲಿ ಹೇಳು, ಅಂಪೈರಿಗೂ ಕೇಳಲಿ ಎಂದು ಹಿಂದಿಯಲ್ಲೇ ಹೇಳಿದಳು. ‘ಕೇಳಿಸಲಿಲ್ಲ’ ಎಂಬಲ್ಲಿಯೇ ಬಹಳ ಹೊತ್ತು ನಿಂತಿತು. ಬೌಲರ್ ಸೊಂಟದ ಮೇಲೆ ಕೈಯಿಟ್ಟು ಕಾದಳು. ಸ್ಲಿಪ್ಪಿನಲ್ಲಿದ್ದವಳು ತನ್ನ ಶೂ ನೋಡಿಕೊಂಡಳು. ಅಶ್ಮಿತಾ ಅವಸರ ಮಾಡಲಿಲ್ಲ, ಬೇರೆ ಸುಲಭದ ಶಬ್ದಕ್ಕೆ ಹಾರಿಕೊಳ್ಳಲೂ ಇಲ್ಲ. ಆಡಬೇಕಾದವರು ಅವಳು ಮುಗಿಸುವವರೆಗೆ ಕಾಯಬೇಕಿತ್ತು, ಕಾದರು.

ತೃಷಾ ಮತ್ತೆ ಹೇಳಲಿಲ್ಲ. ಗ್ಲೌಸು ತಟ್ಟಿಕೊಂಡು ತನ್ನ ಜಾಗಕ್ಕೆ ಹೋದಳು. ಮುಂದಿನ ಹತ್ತು ಓವರ್ ಅವಳ ಮಾತೆಲ್ಲ ಬೌಲರುಗಳ ಜೊತೆಗೇ.

ಆದರೆ ಹದಿನಾಲ್ಕನೆಯ ಓವರಿನಲ್ಲಿ, ರನ್ ಬರುವುದು ನಿಂತು ಎರಡೂ ತಂಡಗಳಿಗೆ ಚಡಪಡಿಕೆ ಶುರುವಾದಾಗ, ಅಶ್ಮಿತಾ ಕವರ್ ಕಡೆಗೆ ತಳ್ಳಿ ಅಂಗೈ ಎತ್ತಿದ ಹೊತ್ತಿಗೆ, ಹಿಂದಿನಿಂದ ಅದೇ ‘ಹಾ’ ಬಂತು. ತೃಷಾಗೆ ಅದು ಅಭ್ಯಾಸವೇ ಆಗಿಹೋಗಿತ್ತೇನೋ. ಸಂಯುಕ್ತಾ ಎರಡು ಹೆಜ್ಜೆ ಓಡಿ ನಿಂತಳು. ಬೌಲರಿನ ತುದಿಯಲ್ಲಿದ್ದ ಮಾನಪ್ಪ ಡೆಡ್‌ಬಾಲ್ ಎಂದು ಕೂಗಿ ಕೈ ಆಡಿಸಿದರು. ಕಲ್ಯಾಣದ ಕ್ಯಾಪ್ಟನ್ ಓಡಿ ಬಂದು ವಾದಿಸಿದಳು. ಅವರು ದನಿ ಏರಿಸಲಿಲ್ಲ. ಬ್ಯಾಟರಿನ ಬಾಯಿ ನನ್ನ ಎದುರಿಗಿತ್ತು, ಮುಚ್ಚಿತ್ತು ಎಂದಷ್ಟೇ ಹೇಳಿ ಸ್ಕೋರರಿಗೆ ಐದು ರನ್ನಿನ ಸನ್ನೆ ಮಾಡಿದರು.

ಗೆದ್ದೆನೆಂಬ ಭಾವನೆ ಅಶ್ಮಿತಾಳಿಗೆ ಎರಡು ಓವರ್ ಮಾತ್ರ ಇತ್ತು. ನೇರವಾಗಿ ಬಂದ ಚೆಂಡಿಗೆ ಕಾಲು ಅಡ್ಡ ಹಾಕಿ ಎಲ್‌ಬಿಡಬ್ಲ್ಯೂ ಆದಳು, ಇಪ್ಪತ್ತನಾಲ್ಕಕ್ಕೆ. ಬೆರಳು ಎತ್ತಿದವರೂ ಮಾನಪ್ಪನೇ. ಅದು ಔಟೇ ಆಗಿತ್ತು. ತಂಡ ನೂರ ಮೂವತ್ತೆಂಟು ಮಾಡಿತು.

ಕಲ್ಯಾಣದ ಸರದಿಯಲ್ಲಿ ತೃಷಾ ನಾಲ್ಕನೆಯವಳಾಗಿ ಬಂದು ಗಟ್ಟಿಯಾಗಿ ನಿಂತುಬಿಟ್ಟಳು. ಇಪ್ಪತ್ತೆರಡನೆಯ ಓವರಿನ ಹೊತ್ತಿಗೆ ಐದು ವಿಕೆಟಿಗೆ ನೂರಾ ಒಂದು. ಅವಳೊಬ್ಬಳು ಹೋದರೆ ಪಂದ್ಯ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಸಂಯುಕ್ತಾ ಶಾರ್ಟ್ ಮಿಡ್‌ವಿಕೆಟಿಗೆ ಹತ್ತಿರ ಬಂದು ನಿಂತಳು. ಅಶ್ಮಿತಾ ಅವಳ ಪಕ್ಕದಲ್ಲಿ, ಲೆಗ್ ಕಡೆಯಲ್ಲೇ. ಇನ್ನೂ ಹಿಂದೆ, ಹತ್ತು ಹೆಜ್ಜೆ ಆಚೆ, ಮಾನಪ್ಪ ಈಗ ಸ್ಕ್ವೇರ್‌ಲೆಗ್ ಅಂಪೈರ್.

ಸಂಯುಕ್ತಾ ಗಟ್ಟಿಯಾಗಿ ಹೇಳಲಿಲ್ಲ. ತೃಷಾ ಗಾರ್ಡ್ ತೆಗೆದುಕೊಳ್ಳುತ್ತಿದ್ದಾಗ, ಕನ್ನಡದಲ್ಲಿ, ಪಕ್ಕದವಳಿಗೆ ಹೇಳುವಂತೆ ಹೇಳಿದಳು.

“ಗಂಡ ಎಂಟೇ ತಿಂಗಳಿಗೆ ವಾಪಸ್ ಕಳಿಸಿದ ಮಾಲು ಕಣೇ ಇದು. ಇಲ್ಲಿ ಕ್ರೀಸ್ ಬಿಟ್ಟು ಹೋಗಲ್ಲ ಅಂತಿದೆ ನೋಡು.”

ತೃಷಾ ಬ್ಯಾಟನ್ನು ಎತ್ತಿದವಳು ಇಳಿಸಿ, ಕ್ರೀಸಿನಿಂದ ಹೊರಗೆ ಬಂದು ನಿಂತಳು. ಗ್ಲೌಸಿನ ಪಟ್ಟಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಅಶ್ಮಿತಾಳಿಗೆ ಮೊದಲು ಬಂದದ್ದು ತೃಷಾಳ ಮೇಲಿನ ಕನಿಕರವಲ್ಲ, ಸಂಯುಕ್ತಾಳ ಮೇಲಿನ ಬೇಸರ. ಬೆಳಿಗ್ಗೆಯಿಂದ ಅಷ್ಟು ಕಷ್ಟಪಟ್ಟ ಮೇಲೆ ಎಲ್ಲ ಸರಿಯಾಗಿ ನಡೆದಿತ್ತು. ಅಳಿಸಿದ ಆ ಎರಡು ಸಾಲುಗಳನ್ನು ಇವಳು ಎದೆಯಲ್ಲಿಟ್ಟುಕೊಂಡೇ ಓಡಾಡಿದ್ದಳಲ್ಲ ಎನಿಸಿತು.

ಮಾನಪ್ಪ ನಡೆದು ಬಂದರು. ಅವರಿಗೆ ಅರ್ಧ ಕೇಳಿತ್ತು, ಅರ್ಧ ಇಲ್ಲ. ಏನಾಯಿತೆಂದು ಕೇಳಿದರು. ಬೌಲರನ್ನು ಹುರಿದುಂಬಿಸುತ್ತಿದ್ದೆ ಸರ್ ಎಂದಳು ಸಂಯುಕ್ತಾ. ತೃಷಾಳನ್ನು ಕೇಳಿದರು, ಅವಳು ನೆಲ ನೋಡುತ್ತ ಏನಿಲ್ಲ ಎಂದಳು. ಬೇರೆಯವರನ್ನು ಇಷ್ಟು ವರ್ಷ ಚುಚ್ಚಿದವಳಿಗೆ ತನಗೆ ಚುಚ್ಚಿದಾಗ ದೂರುವುದು ಸಾಧ್ಯವಿರಲಿಲ್ಲ. ಆಗ ಮಾನಪ್ಪ ಅಶ್ಮಿತಾಳ ಕಡೆ ತಿರುಗಿದರು.

“ನೀವು ಹತ್ತರ ಇದ್ರಿ. ಏನಂದ್ರು?”

ಬೌಂಡರಿಯ ಆಚೆ ಸೂರಜ್ ಸರ್ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ಸಂಯುಕ್ತಾ ಅವಳನ್ನೇ ನೋಡುತ್ತಿದ್ದಳು, ಹೆದರಿಕೆಯಿಂದೇನಲ್ಲ. ಇವಳು ಹೇಗೂ ಹೇಳುವುದಿಲ್ಲ ಎಂಬ ಭರವಸೆಯಿಂದ. ತಪ್ಪಿಸಿಕೊಳ್ಳುವುದು ಎಷ್ಟು ಸುಲಭವೆಂದು ಅಶ್ಮಿತಾಳಿಗೆ ಆ ನೋಟದಿಂದಲೇ ತಿಳಿಯಿತು. ಒಂದು ಶಬ್ದ ಆರಂಭಿಸಿ ಗಂಟಲಲ್ಲಿ ಬಿಟ್ಟುಬಿಟ್ಟರೆ ಸಾಕು. ಪಾಪ, ಬಿಡಿ ಎಂದು ಎಲ್ಲರೂ ತಾವಾಗಿಯೇ ಹೇಳುತ್ತಾರೆ. ಆದರೆ ಬೆಳಿಗ್ಗೆ ಇದೇ ಮನುಷ್ಯನ ಮುಂದೆ ಕೂತು, ಕಿವಿಗೆ ಬಿದ್ದದ್ದನ್ನು ಕೇಳಿ ಎಂದು ಬೇಡಿದವಳು ತಾನೇ.

ಅವಳು ಹೇಳಿದಳು. ‘ಗಂಡ’ ಎಂಬುದರ ಮೊದಲ ಅಕ್ಷರವೇ ಹಿಡಿದುಕೊಂಡಿತು. ಅದು ಬಿಟ್ಟಮೇಲೆ ‘ಕಳಿಸಿದ’ ಹಿಡಿಯಿತು. ಸಂಯುಕ್ತಾ ಒಂದು ಉಸಿರಿಗೆ ಆಡಿ ಮುಗಿಸಿದ ಮಾತು ಅವಳ ಬಾಯಲ್ಲಿ ತುಂಡು ತುಂಡಾಗಿ, ಒಂದೊಂದೇ ಹೊರಬಂತು. ನಡುವೆ ಬಂದಾಗ ಅವಳಿಗೆ ಹೊಳೆಯಿತು, ತೃಷಾ ಇದನ್ನು ಎರಡನೆಯ ಸಲ ಕೇಳುತ್ತಿದ್ದಾಳೆ, ಈ ಸಲ ಬಹಳ ನಿಧಾನವಾಗಿ. ಅಲ್ಲಿ ನಿಲ್ಲಿಸಲು ಮನಸ್ಸಾಯಿತು. ಅರ್ಧ ಹೇಳಿ ಬಿಡುವುದು ಇನ್ನೂ ಕೆಟ್ಟದ್ದೆನಿಸಿ ಕೊನೆಯವರೆಗೂ ಹೇಳಿದಳು. ಮಾನಪ್ಪ ಕೊನೆಯ ಅಕ್ಷರದವರೆಗೂ ಕಾದರು. ಇನ್ನೊಬ್ಬ ಅಂಪೈರಿನ ಜೊತೆ ಮಾತಾಡಿ, ಸಂಯುಕ್ತಾಳ ಹೆಸರು ಬರೆದುಕೊಂಡು, ಕಲ್ಯಾಣಕ್ಕೆ ಐದು ರನ್ ಕೊಟ್ಟರು.

ಕಲ್ಯಾಣ ತಂಡ ಇಪ್ಪತ್ತೊಂಬತ್ತನೆಯ ಓವರಿನಲ್ಲಿ, ಮೂರು ವಿಕೆಟ್ ಉಳಿದಿರುವಂತೆ ಗೆದ್ದಿತು. ತೃಷಾ ಔಟಾಗಲಿಲ್ಲ.

ಆಮೇಲೆ ಯಾರೂ ಅಶ್ಮಿತಾಳ ಹತ್ತಿರ ಬರಲಿಲ್ಲ. ಸೂರಜ್ ಸರ್ ಮಾತ್ರ ಬಂದು, ಸತ್ಯ ಹೇಳಬಾರದೆಂದಲ್ಲ, ಆದರೆ ಅದಕ್ಕೂ ಒಂದು ಸಮಯ ಇರುತ್ತದೆ ಎಂದು ಹೇಳಿ ಹೋದರು. ಅವಳು ಪ್ಯಾಡುಗಳನ್ನು ಕಿಟ್ಟಿಗೆ ತುಂಬಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ತೃಷಾ ಬಂದು ಪಕ್ಕದಲ್ಲಿ ನಿಂತಳು. ಧನ್ಯವಾದ ಹೇಳಲು ಬಂದಿದ್ದಾಳೆ, ಅದನ್ನೂ ಕೇಳಬೇಕಲ್ಲ ಎಂದುಕೊಂಡಳು ಅಶ್ಮಿತಾ.

“ನಿನಗೆ ಯಾರು ಹೇಳಿದ್ದು ಹೇಳ್ಲಿಕ್ಕೆ?” ಎಂದಳು ತೃಷಾ. “ನಾನು ಸುಮ್ಮನೆ ಇದ್ದೆ ಅಲ್ವಾ. ಈಗ ಎಲ್ಲರಿಗೂ ಗೊತ್ತಾಯ್ತು.”

“ನಿನಗೋಸ್ಕರ ಹೇಳಿದ್ದಲ್ಲ.”

“ಮತ್ತೆ ಎಂತಕ್ಕೆ?”

“ಅವರು ಕೇಳಿದರು. ನನಗೆ ಕೇಳಿಸಿತ್ತು.”

ತೃಷಾ ನಲ್ಲಿ ತಿರುಗಿಸಿ ಕೈ ತೊಳೆದಳು. ಮುಂದಿನ ವರ್ಷವೂ ಸ್ಟಂಪಿನ ಹಿಂದೆ ನಾನು ಸುಮ್ಮನಿರುವವಳಲ್ಲ, ಅದು ನನಗೆ ಬರುವುದಿಲ್ಲ ಎಂದಳು. ಆದರೆ ಆ ಇಡ್ಲಿ ಬೇಡ, ಬೇರೆ ಏನಾದರೂ ಹೇಳುತ್ತೇನೆ ಎಂದೂ ಸೇರಿಸಿದಳು. ಅಶ್ಮಿತಾಳಿಗೆ ಅಷ್ಟು ದಣಿವಿನಲ್ಲೂ ನಗು ಬಂತು. ಹೇಳು, ನನ್ನ ಕಾಲಿನ ಬಗ್ಗೆ ಹೇಳು, ಇವತ್ತು ಅದನ್ನು ಎಲ್ಲಿಟ್ಟೆ ಎಂದು ನೋಡಿದ್ದೀಯಲ್ಲ ಎಂದಳು. ಅದಕ್ಕೂ ಅರ್ಧ ನಿಮಿಷ ಹಿಡಿಯಿತು. ತೃಷಾ ನಗಲಿಲ್ಲ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಕತೆ ಬಂದು ಕೂತಿತ್ತು. ಮೈದಾನದ ಮಧ್ಯದಲ್ಲಿ ತೃಷಾಳ ಮದುವೆ ಮುರಿದದ್ದನ್ನು ಅಶ್ಮಿತಾ ಎಲ್ಲರಿಗೂ ಕೇಳುವಂತೆ ಸಾರಿದಳು ಎಂದು ಸಂಘದ ಯಾರೋ ಅಮ್ಮನಿಗೆ ಫೋನ್ ಮಾಡಿದ್ದರು. ಜಯಲತಾ ಅಳುತ್ತ ಕೂತಿದ್ದರು. ಇನ್ನು ಭಜನೆಯಲ್ಲಿ ಆ ತಾಯಿಯ ಮುಖ ಹೇಗೆ ನೋಡುವುದು ಎಂಬುದೇ ಅವರ ಪ್ರಶ್ನೆ. ಅಶ್ಮಿತಾ ನಡೆದದ್ದನ್ನು ಹೇಳಲು ಬಾಯಿ ತೆರೆದಳು. ಹಾಗಾದರೆ ನೀನೇ ಬೈದದ್ದಾ ಎಂದು ಅಮ್ಮ ಮುಗಿಸಿದರು. ಆಗ ಮೋಹನದಾಸರು ಪೇಪರ್ ಮಡಚಿಟ್ಟು, ಅವಳು ಹೇಳಲಿ ಮಾರಾಯ್ತಿ ಎಂದು ಹೆಂಡತಿಯನ್ನು ಗದರಿದರು. ಅವಳು ಹೇಳಿದಳು. ಎಲ್ಲ ಕೇಳಿದ ಮೇಲೆ ಅವರು ಮಾಡಿದ ಟೀಕೆ ಒಂದೇ: ಕನ್ನಡ ಬರುವ ಅಂಪೈರಿನ ಮುಂದೆ ಕನ್ನಡದಲ್ಲಿ ಬೈಯುವುದು ಎಂಥ ಬುದ್ಧಿ.

ಲೀಗಿನವರು ಸಂಯುಕ್ತಾಳನ್ನು ಮುಂದಿನ ಋತುವಿನ ಎರಡು ಪಂದ್ಯಗಳಿಂದ ಹೊರಗಿಟ್ಟರು. ಹತ್ತೊಂಬತ್ತು ದಿನ ಅವಳು ಅಶ್ಮಿತಾಳಿಗೆ ಫೋನ್ ಮಾಡಲಿಲ್ಲ, ತಂಡದ ಗ್ರೂಪಿನಲ್ಲಿ ಅವಳ ಸಂದೇಶಗಳಿಗೆ ಉತ್ತರಿಸಲಿಲ್ಲ. ಇಪ್ಪತ್ತನೆಯ ದಿನ ಊಟದ ಬಿಡುವಿನ ಹೊತ್ತಿಗೆ ವಾಗ್ಳೆ ಎಸ್ಟೇಟಿನ ಕಂಪನಿಯ ಗೇಟಿನ ಮುಂದೆ ನಿಂತಿದ್ದಳು.

“ಗ್ಯಾಪಕ ಇಲ್ಲ ಅನ್ನಬಹುದಿತ್ತಲ್ವೇನೇ ನೀನು. ಎರಡು ಪದ.”

“ನೀನು ಹೇಳದೆ ಇರಬಹುದಿತ್ತು.”

“ನಿನಗೋಸ್ಕರ ಹೇಳಿದ್ದು ಕಣೇ ನಾನು. ನಿನ್ನನ್ನ ಅಷ್ಟು ಗೋಳು ಹುಯ್ಕೊಂಡಿದ್ದಳಲ್ಲ.”

ಅಶ್ಮಿತಾಳಿಗೆ ಈ ಒಂದೆರಡು ತಿಂಗಳಲ್ಲಿ ಬಂದ ಸಿಟ್ಟುಗಳಲ್ಲೆಲ್ಲ ಅದೇ ದೊಡ್ಡದು. ನಾನು ಕೇಳಿರಲಿಲ್ಲ, ಆ ಸಾಲುಗಳನ್ನು ಅಳಿಸಿ ವಾಪಸು ಕಳಿಸಿದ್ದೆ, ನನಗೆ ನಾಲಿಗೆ ಸಾಲದೆಂದು ನಿನ್ನ ನಾಲಿಗೆ ಎರವಲು ಕೊಡಬೇಕಾಗಿರಲಿಲ್ಲ ಎಂದಳು. ಗೇಟಿನ ಕಾವಲುಗಾರ ಬೇರೆ ಕಡೆ ನೋಡುತ್ತ ನಿಂತ. ಸಂಯುಕ್ತಾ ದನಿ ತಗ್ಗಿಸಿದಳು, ಅದು ಅವಳಲ್ಲಿ ಅಪರೂಪ. ತೃಷಾಗೆ ಎರಡು ಸಲ ಫೋನ್ ಮಾಡಿದೆ, ಕಟ್ ಮಾಡಿದಳು. ಎದುರಿಗೇ ಹೋಗಿ ಕ್ಷಮೆ ಕೇಳಬೇಕು, ಒಬ್ಬಳೇ ಹೋಗಲು ಧೈರ್ಯ ಬರುತ್ತಿಲ್ಲ ಎಂದಳು. ಬರುತ್ತೇನೆ, ಆದರೆ ನಾನು ಒಂದು ಮಾತೂ ಆಡುವುದಿಲ್ಲ, ನೀನೇ ಹೇಳಬೇಕು ಎಂದಳು ಅಶ್ಮಿತಾ.

ಶನಿವಾರ ಮಧ್ಯಾಹ್ನ ಇಬ್ಬರೂ ಕಲ್ಯಾಣಕ್ಕೆ ಹೋದರು. ತೃಷಾ ಅವರನ್ನು ಮನೆಗೆ ಕರೆಯಲಿಲ್ಲ. ಅಮ್ಮ ಮಲಗಿದ್ದಾರೆ ಎಂದು ಬಿಲ್ಡಿಂಗಿನ ಕೆಳಗೆ, ಸ್ಕೂಟರುಗಳ ನಡುವೆ ಬಂದು ನಿಂತಳು. ಸಂಯುಕ್ತಾ ಹೇಳಿದಳು. ಸಮಜಾಯಿಷಿ ಕೊಡಲಿಲ್ಲ, ಅಷ್ಟರ ಮಟ್ಟಿಗೆ ಚೆನ್ನಾಗಿಯೇ ಹೇಳಿದಳು. ತೃಷಾ ಪೂರ್ತಿ ಕೇಳಿ ಸರಿ ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಅಶ್ಮಿತಾಳ ಕಡೆಗೆ ಒಮ್ಮೆ ನೋಡಿ, ಪ್ರಾಕ್ಟೀಸಿಗೆ ಹೊತ್ತಾಯಿತು ಎಂದು ಮೇಲೆ ಹೋದಳು.

ಸ್ಟೇಷನ್ನಿನಲ್ಲಿ ಲೋಕಲ್ ಹದಿನಾಲ್ಕು ನಿಮಿಷ ತಡ. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ಸಂಯುಕ್ತಾ, ಆ ಐದು ರನ್ ಹೋಗದಿದ್ದರೆ ನಾವು ಗೆಲ್ಲುತ್ತಿದ್ದೆವೋ ಇಲ್ಲವೋ ಎಂದು ಮತ್ತೆ ಲೆಕ್ಕ ತೆಗೆದಳು. ಎಂಟು ಚೆಂಡು ಉಳಿದಿತ್ತು, ಹೇಗೂ ಸೋಲುತ್ತಿದ್ದೆವು ಎಂದಳು ಅಶ್ಮಿತಾ. ಸಂಯುಕ್ತಾ ಒಪ್ಪಲಿಲ್ಲ. ರೈಲು ಬಂದು ನಿಂತಾಗಲೂ ಜಗಳ ಮುಗಿದಿರಲಿಲ್ಲ. ಇಬ್ಬರೂ ಒಂದೇ ಡಬ್ಬಿ ಹತ್ತಿದರು.